ನೇರಳೆ ಗೆರೆಯ ನಟ್ಟು

ಒಂದಾನೊಂದು ಕಾಲದಲ್ಲಿ ಅಂತ ಶುರು ಮಾಡಿದರೂ ತಪ್ಪಿಲ್ಲ. ಇದರಲ್ಲೂ ಒಂದು ಗುಡ್ಡ ಇದೆ, ಗುಡ್ಡದ ನೆತ್ತಿಯಲ್ಲಿ ಏಳು ಮನೆ ಇವೆ, ಜೀವವನ್ನು ಬೇರೆಲ್ಲೋ ಬಚ್ಚಿಟ್ಟ ರಾಕ್ಷಸನೂ ಇದ್ದಾನೆ. ಅಜ್ಜಿ ಹೇಳುವ ಕಥೆಯಲ್ಲಿ ರಾಕ್ಷಸ ಬಚ್ಚಿಡುವುದು ತನ್ನ ಜೀವವನ್ನು. ಇವನು ಬಚ್ಚಿಟ್ಟಿದ್ದು ಬೇರೆಯವರದ್ದನ್ನು.

ಬೆಳಗ್ಗೆ ಒಂಬತ್ತಕ್ಕೆ, ಬಾಗಿಲ ಮೇಲೆ ಹೆಸರು ಬರೆದ ಆಸ್ಪತ್ರೆಯ ಬಿಳಿ ಜೀಪು ಗುಡ್ಡದ ಮೂರನೇ ತಿರುವಿನಲ್ಲಿ ನಿಂತಿತು. ಡೀಸೆಲ್ ಇಂಜಿನ್ ಕಿರುಚುತ್ತಿತ್ತು. ನಾಲ್ಕೂ ಚಕ್ರಕ್ಕೆ ಎಳೆತ ಕೊಡುವ ಗೇರು ಬಿದ್ದಿತ್ತು. ಒಂದು ಚಕ್ರವೂ ಅಲ್ಲಾಡಲಿಲ್ಲ. ಹಗ್ಗ ಸುಟ್ಟಂಥ ವಾಸನೆ.

"ಕ್ಲಚ್ ಹೋಯ್ತು ಸಿಸ್ಟರ್," ಎಂದ ಡ್ರೈವರಣ್ಣ.

"ಒಂಬತ್ತು ದಿನದ ಹಿಂದೆ ತಾನೇ ಹೊಸದು ಹಾಕ್ಸಿದ್ದು?"

"ಹಾಗಂತ ಹೇಳಿದ್ರು."

ನರ್ಸ್ ಚೀಲ ಹೆಗಲಿಗೇರಿಸಿ ಏರು ಹತ್ತಿದಳು. ಮೇಲಿಂದ ನಾಲ್ವರು ಗಂಡಸರು ನೋವು ತಿನ್ನುತ್ತಿದ್ದ ಬಸುರಿಯನ್ನು ಮಂಚದಲ್ಲಿ ಹೊತ್ತು ಇಳಿಯುತ್ತಿದ್ದರು. ಅರ್ಧ ದಾರಿಯಲ್ಲಿ, ಒಂದು ಹಾಸುಗಲ್ಲಿನ ಮೇಲೆ, ಮಗು ಹುಟ್ಟಿತು. ತಾಯಿಯ ರಕ್ತ ನಿಲ್ಲಲು ಮುಕ್ಕಾಲು ಗಂಟೆ ಹಿಡಿಯಿತು. ಉಳಿದದ್ದೇ ಹೆಚ್ಚು.

ಮಂಚದ ಹಿಂದೆ ಅವಳ ಓರಗಿತ್ತಿ ಹೊಟ್ಟೆ ಹಿಡಿದುಕೊಂಡು ಬಂದಿದ್ದಳು. ಅವಳಿಗೂ ತುಂಬಿದ ಬಸಿರು. ಇನ್ನು ಹತ್ತು ದಿನ.

"ನಂಗೂ ಇದೇ ಮಂಚಾನಾ, ಅಕ್ಕ?"

"ಇಲ್ಲ. ನಿನ್ನನ್ನ ಜೀಪಲ್ಲೇ ಕರ್ಕೊಂಡು ಹೋಗ್ತೀನಿ. ಮಾತು ಕೊಟ್ಟೆ."

* * *

ಮೂರನೇ ದಿನ ಡಾಕ್ಟರಮ್ಮನ ಕೋಣೆಯಲ್ಲಿ ವಿಚಾರಣೆ. ಆಸ್ಪತ್ರೆಯ ಮ್ಯಾನೇಜರು ಗೋಣಿಚೀಲದಿಂದ ಒಂದು ವಸ್ತು ತೆಗೆದು ಮೇಜಿನ ಮೇಲಿಟ್ಟ. ತಟ್ಟೆಯಗಲದ ಉಕ್ಕಿನ ಬಿಲ್ಲೆ. ಎರಡೂ ಮೈ ಸವೆದು ರಿವೆಟ್ಟುಗಳು ಹಲ್ಲಿನಂತೆ ಎದ್ದಿದ್ದವು.

"ಜೀಪು ಬಿಚ್ಚಿಸ್ದೆ, ಮೇಡಂ. ಸಿಕ್ಕಿದ್ದು ಇದು. ಒಂಬತ್ತೇ ದಿನಕ್ಕೆ ಹೊಸ ಕ್ಲಚ್ ಪ್ಲೇಟಿನ ಗತಿ. ಪೆಡಲ್ ಮೇಲಿಂದ ಎಡಗಾಲು ತೆಗೆಯೋದೇ ಇಲ್ಲ ಈ ಮನುಷ್ಯ."

ಡ್ರೈವರಣ್ಣ ಕೈಕಟ್ಟಿ ನಿಂತಿದ್ದ. "ಇಪ್ಪತ್ತೆರಡು ವರ್ಷ ಓಡ್ಸಿದೀನಿ, ಅಮ್ಮ. ಕ್ಲಚ್ ಜಾರ್ತಿದೆ ಅಂತ ಮೂರು ತಿಂಗಳಿಂದ ಬಡ್ಕೊಂಡೆ. ಹೊಸ ಸೆಟ್ ಬಂತು. ಆಗ ನನ್ನನ್ನ ಎರಡು ದಿನ ರಜೆ ಮೇಲೆ ಕಳ್ಸಿದ್ರು. ವಾಪಸ್ ಬಂದಾಗ ಪೆಡಲ್ ಕೊಂಚ ಬಿಗಿ ಇತ್ತು. ಎಳೆತ ಮಾತ್ರ ಅದೇ. ಕೇಳಿದ್ರೆ, ಹೊಸದು, ಹೊಂದ್ಕೊಳ್ಳಲಿ ಬಿಡು ಅಂದ್ರು."

"ಅಂದದ್ದು ಯಾರು?" ಎಂದಳು ನರ್ಸ್.

"ಸಾಹೇಬ್ರೇ."

ಮ್ಯಾನೇಜರು ನಕ್ಕ. "ಸಿಸ್ಟರ್, ನೀವು ಸೂಜಿ ಚುಚ್ಚೋದು ನೋಡ್ಕೊಳ್ಳಿ."

ನರ್ಸಿಗೆ ಮೈಯೆಲ್ಲ ಉರಿಯಿತು. ಕಲ್ಲಿನ ಮೇಲೆ ಒಬ್ಬಳು ಸಾಯಲು ಹೊರಟಿದ್ದಳು, ಇವನಿಗೆ ನಗು.

"ನಾಳಿದ್ದು ತೀರ್ಮಾನ," ಎಂದರು ಡಾಕ್ಟರಮ್ಮ. "ತಪ್ಪು ಡ್ರೈವರದ್ದೇ ಆದ್ರೆ ಕೆಲಸ ಇರಲ್ಲ. ಅಲ್ಲಿವರೆಗೆ ಗಾಡಿ ಮುಟ್ಟಬಾರದು."

* * *

ಡ್ರೈವರಣ್ಣ ಮುಟ್ಟಲಿಲ್ಲ. ಶೆಡ್ಡಿನ ಬಾಗಿಲಲ್ಲಿ ನಿಂತು ದಾರಿ ಹೇಳಿದ, ಅಷ್ಟೆ. ಅವನ ಬೆನ್ನ ಹಿಂದೆ, ಅಂಗಳದ ಮರದಡಿ, ಮ್ಯಾನೇಜರಿನ ಸ್ವಂತ ಜೀಪು ನಿಂತಿತ್ತು. ಆಸ್ಪತ್ರೆ ಜೀಪಿನ ಕೆಳಗೆ ತೂರಿದ್ದು ನರ್ಸ್. ಕೈಯಲ್ಲಿ ರೋಗಿಗಳ ಕಣ್ಣು ನೋಡುವ ಪುಟ್ಟ ಟಾರ್ಚು.

"ಮುಂದಿನ ಚಕ್ರದ ಕಡೆ ಒಂದು ಉದ್ದ ಶಾಫ್ಟ್ ಹೋಗಿದೆಯಾ? ಅದನ್ನ ಬಿಚ್ಚದೆ ಗೇರ್‌ಬಾಕ್ಸ್ ಇಳಿಸೋಕಾಗಲ್ಲ. ಗೇರ್‌ಬಾಕ್ಸ್ ಇಳಿಸದೆ ಕ್ಲಚ್ ಕಾಣೋದೇ ಇಲ್ಲ."

"ನಟ್ಟಿನ ಮೇಲೆ ಕೆಸರು. ಒಣಗಿ ಕಲ್ಲಾಗಿದೆ." ಉಗುರಿನಿಂದ ಕೆರೆದಳು. "ಕೆಸರಿನಡಿ ತುಕ್ಕು. ಸ್ಪ್ಯಾನರ್ ತಾಗಿದ ಒಂದು ಗೀರೂ ಇಲ್ಲ."

ಟಾರ್ಚು ಆರಿಸಿ ಹೊರಗೆ ತೆವಳಿದಳು.

"ಅಣ್ಣ, ಮೈಮೇಲೆ ಒಂದು ಹೊಲಿಗೆಯ ಗುರುತಿಲ್ಲ. ಹೊಟ್ಟೆಯೊಳಗಿನ ಗಡ್ಡೆ ತೆಗೆದೆ ಅಂತಾನೆ ಒಬ್ಬ. ನಂಬ್ತೀರಾ?"

"ಹುಚ್ಚೇ ನಂಗೆ?"

"ಈ ಜೀಪಿನ ಹೊಟ್ಟೆ ಯಾರೂ ಕೊಯ್ದೇ ಇಲ್ಲ. ಹೊಸದು ಹಾಕ್ದೆ ಅಂದಾಗಲೂ ಇಲ್ಲ, ಪ್ಲೇಟ್ ತೆಗೆಸ್ದೆ ಅಂದಾಗಲೂ ಇಲ್ಲ."

ಡ್ರೈವರಣ್ಣನ ಮುಖ ಕೆಂಪೇರಿತು. "ಹಾಗಾದ್ರೆ ಗ್ಯಾರೇಜಿನ ಮೇಸ್ತ್ರಿ ಕೈಕೊಟ್ಟ. ಅವನ ಮನೆ ಹಾಳಾಗ."

* * *

ಮೇಸ್ತ್ರಿಗೆ ಅರವತ್ತರ ಮೇಲೆ. ನರ್ಸಿನ ಮಾತು ಕೇಳಿ ಸ್ಪ್ಯಾನರ್ ಕೆಳಗೆ ಎಸೆದ.

"ಹಾಕಿಲ್ಲ ಅಂತೀಯೇನಮ್ಮ? ಎರಡು ದಿನ ಬೆನ್ನು ಮುರ್ಕೊಂಡಿದೀನಿ. ಎರಡೂ ಶಾಫ್ಟ್ ಬಿಚ್ಚಿ, ಗೇರ್‌ಬಾಕ್ಸ್ ಎದೆ ಮೇಲೆ ಇಳಿಸ್ಕೊಂಡು ಹಾಕಿದ ಕ್ಲಚ್ ಅದು."

"ಆಸ್ಪತ್ರೆ ಜೀಪಿಗಾ?"

"ಆಸ್ಪತ್ರೆ ಚೀಟಿ, ಆಸ್ಪತ್ರೆ ಸಾಮಾನು, ಬಿಳೀ ಜೀಪು. ಮ್ಯಾನೇಜರೇ ಓಡಿಸ್ಕೊಂಡು ಬಂದಿದ್ರು."

"ಬಾಗಿಲ ಮೇಲೆ ಆಸ್ಪತ್ರೆ ಹೆಸರಿತ್ತಾ?"

"ನಾನು ಕೆಳಗೆ ಮಲಗೋನು, ತಾಯಿ. ಬಾಗಿಲು ನೋಡೋದು ಕೂತ್ಕೊಂಡು ಹೋಗೋರು."

ಮಾತಾಡುತ್ತಲೇ ಅವನು ಬೇರೊಂದು ಗಾಡಿಯ ನಟ್ಟು ಬಿಗಿದ. ಬಿಗಿದು, ಜೇಬಿನಿಂದ ಉಗುರುಬಣ್ಣದ ಸೀಸೆ ತೆಗೆದ. ಗಾಢ ನೇರಳೆ. ನಟ್ಟಿನಿಂದ ಅದರಡಿಯ ಕಬ್ಬಿಣದವರೆಗೆ ಒಂದು ಗೆರೆ ಎಳೆದ.

"ಇದೇನು, ಸಿಂಗಾರಾನಾ?"

"ನಟ್ಟು ಸಡಿಲಾದ್ರೆ ಗೆರೆ ಮುರಿಯುತ್ತೆ. ಕಣ್ಣಿಗೆ ಕಾಣುತ್ತೆ. ಮಗಳು ಗಂಡನ ಮನೆಗೆ ಹೋಗುವಾಗ ಡಬ್ಬ ತುಂಬ ಬಿಟ್ಟೋದ್ಲು. ನಾನು ಮುಟ್ಟಿದ ಗಾಡಿಗೆಲ್ಲ ಈ ಗೆರೆ ಇರುತ್ತೆ."

ನರ್ಸಿಗೆ ತಾನು ಕೆರೆದು ನೋಡಿದ ತುಕ್ಕು ಕಣ್ಣಮುಂದೆ ಬಂತು. ಅಲ್ಲಿ ನೇರಳೆ ಇರಲಿಲ್ಲ.

"ಮೇಸ್ತ್ರಿ, ನಾಳಿದ್ದು ಬೆಳಗ್ಗೆ ನಮ್ಮ ಆಸ್ಪತ್ರೆಗೆ ಬರ್ತೀರಾ?"

* * *

"ಈ ಪ್ಲೇಟು ನಮ್ಮ ಜೀಪಿಂದಾನೇ ತೆಗೆದದ್ದಾ, ಸರ್?" ತೀರ್ಮಾನದ ದಿನ, ಡಾಕ್ಟರಮ್ಮ ಮತ್ತು ಮೇಸ್ತ್ರಿಯ ಎದುರು, ಮ್ಯಾನೇಜರನ್ನು ಕೇಳಿದಳು ನರ್ಸ್.

"ಎಷ್ಟು ಸಲ ಹೇಳ್ಬೇಕು? ಎಳ್ಕೊಂಡು ಬಂದ ಮಾರನೇ ದಿನ ಬಿಚ್ಚಿಸ್ದೆ."

"ಶೆಡ್ಡಿಗೆ ಬನ್ನಿ."

ಡಾಕ್ಟರಮ್ಮ ಬಗ್ಗಿ ನೋಡಿದರು. ಕೆಸರು, ತುಕ್ಕು, ಮುಟ್ಟದ ನಟ್ಟು. ಮ್ಯಾನೇಜರು ಕಣ್ಣು ಮಿಟುಕಿಸುವಷ್ಟರಲ್ಲಿ ಮಾತು ಬದಲಿಸಿದ. "ಹಾಗಾದ್ರೆ ಈ ಮೇಸ್ತ್ರಿ ನಂಗೂ ಮೋಸ ಮಾಡಿದಾನೆ."

"ನಿಮ್ಮ ಸ್ವಂತ ಜೀಪಿನ ಕೆಳಗೂ ಒಂದ್ಸಲ ನೋಡೋಣ," ಎಂದಳು ನರ್ಸ್.

ಅದು ಅಂಗಳದ ಮರದಡಿ ನಿಂತಿತ್ತು. ಬಿಳಿ. ಅದೇ ಕಂಪನಿ, ಅದೇ ಮಾದರಿ.

"ಅದು ನನ್ನ ಗಾಡಿ. ಅದಕ್ಕೂ ಇದಕ್ಕೂ ಏನು ಸಂಬಂಧ?"

ಅಷ್ಟರಲ್ಲಿ ಡಾಕ್ಟರಮ್ಮ ಮಂಡಿಯೂರಿ ಆಗಿತ್ತು. ಟಾರ್ಚಿನ ಬೆಳಕಲ್ಲಿ ನಾಲ್ಕು ನಟ್ಟು. ನಾಲ್ಕಕ್ಕೂ ನೇರಳೆ ಗೆರೆ.

"ಇದು ನನ್ನ ಕೈ," ಎಂದ ಮೇಸ್ತ್ರಿ ಮೆಲ್ಲಗೆ. "ನಾನು ಬಿಚ್ಚಿದ್ದು ಇದನ್ನ. ತೆಗೆದ ಹಳೇ ಪ್ಲೇಟನ್ನ ಸಾಹೇಬ್ರು ಗೋಣಿಚೀಲದಲ್ಲಿ ತಗೊಂಡು ಹೋದ್ರು."

ನರ್ಸ್ ಮ್ಯಾನೇಜರಿನತ್ತ ತಿರುಗಿದಳು. "ನಿಮ್ಮ ಜೀಪಿನ ಕ್ಲಚ್ಚೂ ಸವೆದಿತ್ತು. ಆಸ್ಪತ್ರೆಗೆ ಬಂದ ಹೊಸ ಸೆಟ್ ಅದರೊಳಗೆ ಹೋಯ್ತು. ನಮ್ಮ ಜೀಪನ್ನ ಎರಡು ದಿನ ಶೆಡ್ಡಲ್ಲಿ ಬೀಗ ಹಾಕಿಟ್ರಿ, ಪೆಡಲ್ ಬಿಗಿ ಮಾಡಿ ಬಿಟ್ರಿ. ಡ್ರೈವರಣ್ಣ ನೋಡಬಾರದು ಅಂತ ರಜೆ. ಇಷ್ಟಕ್ಕೇ ಬಿಟ್ಟಿದ್ರೆ ಯಾರಿಗೂ ಗೊತ್ತಾಗ್ತಿರಲಿಲ್ಲ. ಆದರೆ ಅವರ ಮೇಲೆ ಹೊರಿಸೋಕೆ ಸಾಕ್ಷಿ ಬೇಕಾಯ್ತು, ನಿಮ್ಮದೇ ಸವೆದ ಪ್ಲೇಟ್ ತಂದು ಮೇಜಿನ ಮೇಲಿಟ್ರಿ. ಬಿಚ್ಚದ ಜೀಪಿಂದ ಪ್ಲೇಟ್ ಹೊರಗೆ ಬರೋದು ಹೇಗೆ, ಸರ್?"

ಮ್ಯಾನೇಜರು ಕರ್ಚೀಫು ತೆಗೆದ. "ಇನ್ನೆರಡು ತಿಂಗಳಲ್ಲಿ ಇನ್ನೊಂದು ತರಿಸ್ತಿದ್ದೆ. ಯಾರೂ ಸತ್ತಿಲ್ಲವಲ್ಲ."

"ಆ ಕಲ್ಲಿನ ಮೇಲೆ ಇದ್ದದ್ದು ನನ್ನ ಕೈ," ಎಂದಳು ನರ್ಸ್. "ಸಾವು ಎಷ್ಟು ಹತ್ತಿರ ಇತ್ತು ಅಂತ ಈ ಕೈಗೆ ಗೊತ್ತು. ನೀವು ಸೂಜಿ ಚುಚ್ಚೋದು ನೋಡ್ಕೋ ಅಂದ್ರಿ. ನೋಡ್ಕೊಂಡೆ."

ಡಾಕ್ಟರಮ್ಮ ಪೊಲೀಸರಿಗೆ ಫೋನ್ ಮಾಡಿದರು. ಅವರು ಬಂದು ಫೋಟೊ ತೆಗೆದು, ಹೇಳಿಕೆ ಬರೆದುಕೊಂಡು, ಮ್ಯಾನೇಜರನ್ನು ಕರೆದೊಯ್ದರು. ಜೀಪಿನ ಬೀಗದ ಕೈಯನ್ನು ಡಾಕ್ಟರಮ್ಮ ತಾವೇ ಡ್ರೈವರಣ್ಣನ ಅಂಗೈಯಲ್ಲಿಟ್ಟರು.

* * *

ಎರಡು ದಿನದ ಕೆಲಸ. ಬಚ್ಚಿಟ್ಟ ಜೀವವನ್ನು, ಆ ಹೊಸ ಕ್ಲಚ್ಚನ್ನು, ಮ್ಯಾನೇಜರಿನ ಜೀಪಿನಿಂದ ಹೊರಗೆ ತೆಗೆದದ್ದು ಮೊದಲ ದಿನ. ಎರಡನೇ ದಿನ ತುಕ್ಕು ಹಿಡಿದ ನಟ್ಟುಗಳು ಕಿರುಗುಟ್ಟಿ ಬಿಚ್ಚಿದವು, ಗೇರ್‌ಬಾಕ್ಸ್ ಇಳಿಯಿತು, ಪ್ಲೇಟ್ ನಡುಮಧ್ಯಕ್ಕೆ ಕೂತಿತು. ಮೇಸ್ತ್ರಿ ಎದುರುಬದುರು ಬೋಲ್ಟುಗಳನ್ನು ಒಂದೊಂದು ಸುತ್ತು ಬಿಗಿಯುತ್ತ ಬಂದ. ಕೊನೆಯಲ್ಲಿ ಸೀಸೆಯನ್ನು ನರ್ಸಿನ ಕೈಗಿಟ್ಟ.

"ಕಡೇ ಗೆರೆ ನೀವೇ ಎಳೀರಿ."

ಮಾರನೇ ಬೆಳಗ್ಗೆ ಗುಡ್ಡದಿಂದ ಕರೆ ಬಂತು. ಮೂರನೇ ತಿರುವಿನಲ್ಲಿ ಡ್ರೈವರಣ್ಣ ಉಸಿರು ಹಿಡಿದು ಕ್ಲಚ್ ಬಿಟ್ಟ. ಚಕ್ರಗಳು ನೆಲವನ್ನು ಹಿಡಿದವು, ಜೀಪು ಏರಿತು. ಹಾಸುಗಲ್ಲು ಕಿಟಕಿಯಲ್ಲಿ ಬಂತು, ಹಿಂದೆ ಹೋಯಿತು.

ಅಂಗಳದಲ್ಲಿ ಮಂಚಕ್ಕೆ ಹಗ್ಗ ಬಿಗಿದು ತಯಾರಾಗಿ ಇಟ್ಟಿದ್ದರು. ಓರಗಿತ್ತಿ ನೋವಿನಲ್ಲೇ ಅದನ್ನು ನೋಡಿ ಗಂಡನಿಗೆ ಹೇಳಿದಳು, "ಅದನ್ನ ಒಳಗಿಡಿ. ನಾನು ಬರೋವರೆಗೆ ಅದರ ಮೇಲೆ ನೀವೇ ಬಿದ್ಕೊಳ್ಳಿ."

ನರ್ಸ್ ಅವಳನ್ನು ಹಿಂದಿನ ಸೀಟಿನಲ್ಲಿ ಮಲಗಿಸಿ ಬಾಗಿಲು ಹಾಕಿದಳು.

"ನಡೀರಿ, ಅಣ್ಣ."

ಜೀಪು ನಡೆಯಿತು.