ಕೊನೆಯ ಪದ ನುಂಗುವ ಬಟನ್‌ಗಳು

"ಈ ಮೂರು ಬಟನ್ ಕಿತ್ತು ಬಿಸಾಕಿ!"

ಗಾಜಿನ ಕೌಂಟರಿನ ಮೇಲೆ ಫೋನು ಕುಕ್ಕಿದ ಸದ್ದಿಗೆ, ತಲೆ ತಗ್ಗಿಸಿ ಬೆಸುಗೆ ಹಾಕುತ್ತಿದ್ದ ರಿಪೇರಿಯವನು ಬೆಚ್ಚಿಬಿದ್ದ.

ಎದುರಿಗೆ ಬಿಳಿ ಕೋಟಿನ ಹುಡುಗಿ. ಬೆವರಿದ ಹಣೆ, ಬಿಗಿದ ತುಟಿ, ಕಣ್ಣಲ್ಲಿ ಕೆಂಡ!

"ಯಾವ ಬಟನ್ ಮೇಡಂ?"

"ಇದೇ! ತ್ರಿಕೋನ, ಗುಂಡು, ಚೌಕ. ನಮ್ಮಪ್ಪಂಗೆ ಕಿವಿ ಕೇಳ್ಸಲ್ಲ. ಕೆಳಗಡೆ ಬರೋ ಅಕ್ಷರ ಓದ್ಕೊಂಡೇ ಸಿನಿಮಾ ನೋಡ್ಬೇಕು. ಫೋನ್ ಅಡ್ಡ ಹಿಡಿದ್ರೆ ಈ ಪಟ್ಟಿ ಬಲಗಡೆ ಬಂದು ಕೂತು ಪ್ರತಿ ಸಾಲಿನ ಕೊನೇ ಪದ ನುಂಗತ್ತೆ! ನಾಯಕ 'ನಾನು ನಿನ್ನನ್ನು' ಅಂತಾನೆ... ನಿನ್ನನ್ನು ಏನು? ಬಿಡ್ತೀನೋ, ಕೊಲ್ತೀನೋ, ಮದುವೆ ಆಗ್ತೀನೋ? ಎಲ್ಲಾನೂ ಅಪ್ಪ ಬಂದು ನನ್ನನ್ನ ಕೇಳ್ತಾರೆ. ನಾನೇನು ಆ ಸಿನಿಮಾ ಬರೆದಿದ್ದೀನಾ?"

ಅವನಿಗೆ ನಗು ತಡೆಯಲಾಗಲಿಲ್ಲ.

"ನಗ್ತೀರಾ?"

"ತಪ್ಪಾಯ್ತು... ಕೀಳೋಕಾಗಲ್ಲ ಮೇಡಂ. ಮರೆ ಮಾಡಬಹುದು."

ಸೆಟ್ಟಿಂಗ್ಸ್ ಒಳಗೆ ಹೋಗಿ ಅವನು ಎರಡು ಕಡೆ ಒತ್ತಿದ. ಪಟ್ಟಿ ಮಾಯ! ಪರದೆಯ ತುಂಬ ಚಿತ್ರ, ಅಂಚಿನಿಂದ ಅಂಚಿಗೆ ಅಕ್ಷರ.

ಇಷ್ಟೇನಾ? ಇದಕ್ಕಾಗಿ ಆರು ತಿಂಗಳಿಂದ ತಲೆ ಕೆಡಿಸಿಕೊಂಡಿದ್ದೆನಾ? ಅವಳಿಗೆ ತನ್ನ ಮೇಲೇ ಸಿಟ್ಟು ಬಂತು.

"ಒಂದು ನಿಮಿಷ ನಿಲ್ಲಿ, ಸಿನಿಮಾದಿಂದ ವಾಪಸ್ ಬರೋದು ಹೇಗೆ ಅಂತ ತೋರಿಸ್ತೀನಿ..."

"ನನಗೆ ಡ್ಯೂಟಿಗೆ ಹೊತ್ತಾಯ್ತು. ಅಪ್ಪನೇ ನೋಡ್ಕೋತಾರೆ ಬಿಡಿ."

"ಹಾಗಾದ್ರೆ ಅವರನ್ನೇ ಇಲ್ಲಿಗೆ ಕಳಿಸಿ."

ಅವಳು ಆಗಲೇ ರಸ್ತೆ ದಾಟುತ್ತಿದ್ದಳು.

ಅವಳು ಆಸ್ಪತ್ರೆಯೊಂದರ ಲ್ಯಾಬಿನಲ್ಲಿ ರಕ್ತದ ಮಾದರಿ ತೆಗೆಯುವವಳು. ಬೆಳಗಿನಿಂದ ನೂರಾರು ತೋಳು, ನೂರಾರು ಸೂಜಿ. ಎಂಥ ಅಳುವ ಮಗುವನ್ನೂ ಮಾತಾಡಿಸಿ ರಕ್ತ ತೆಗೆಯುವಷ್ಟು ತಾಳ್ಮೆ ಅಲ್ಲಿ. ಮನೆಗೆ ಬರುವಷ್ಟರಲ್ಲಿ ಅದೆಲ್ಲ ಖಾಲಿ!

ಇಪ್ಪತ್ತೊಂಬತ್ತು ತುಂಬಿದರೂ ಅಪ್ಪನ ಬಾಯಲ್ಲಿ ಅವಳು ಇನ್ನೂ ಪುಟ್ಟಿ. ಅಮ್ಮ ತೀರಿಕೊಂಡ ಮೇಲೆ ಮನೆಯಲ್ಲಿ ಉಳಿದವರು ಇಬ್ಬರೇ. ಮೂವತ್ತು ವರ್ಷ ಬಸ್ಸಿನ ಇಂಜಿನ್ ಪಕ್ಕ ಕೂತ ಚಾಲಕ ಅಪ್ಪ. ಕಿವಿ ಮೊದಲೇ ಮಂದ. ಎರಡು ವರ್ಷದ ಹಿಂದೆ ಬಂದ ಜ್ವರ ಉಳಿದಿದ್ದನ್ನೂ ಕೊಂಡೊಯ್ದಿತ್ತು.

ಅಂದಿನಿಂದ ಮನೆಯಲ್ಲಿ ಮಾತು ಅಂದರೆ ಕೂಗಾಟ.

"ಅಪ್ಪಾ, ಊಟ!"

"ಏನು ಓಟ?"

"ಊಟಾ! ಊಟಾ!"

"ಕಿರಿಚಬೇಡ ಪುಟ್ಟಿ, ನಿನ್ನ ಮುಖ ನೋಡಿದ್ರೇ ಗೊತ್ತಾಗತ್ತೆ."

ಆ ಮಾತು ಅವಳಿಗೆ ಸೂಜಿಗಿಂತ ಚೂಪಾಗಿ ಚುಚ್ಚುತ್ತಿತ್ತು.

ಪಟ್ಟಿ ಮರೆಯಾದ ದಿನವೇ ಸಂಜೆ, ಸಿನಿಮಾದಿಂದ ವಾಪಸ್ ಬರುವುದು ಹೇಗೆಂದು ಕೇಳಲು ಅಪ್ಪ ರಿಪೇರಿ ಅಂಗಡಿಗೆ ಹೋದರು. ಮರುದಿನವೂ ಹೋದರು. ವಾರ ಕಳೆಯುವುದರೊಳಗೆ ಅಂಗಡಿಯ ಮೂಲೆಯ ಸ್ಟೂಲು ಅವರದೇ ಆಯಿತು!

ಡ್ಯೂಟಿ ಮುಗಿಸಿ ಅವಳು ಕರೆದೊಯ್ಯಲು ಬಂದಾಗಲೆಲ್ಲ ಅದೇ ನೋಟ. ಅಪ್ಪ ಜೋರಾಗಿ ಮಾತಾಡುತ್ತಾರೆ, ಅವನು ನೋಟ್‌ಬುಕ್ಕಿನಲ್ಲಿ ಏನೋ ಗೀಚಿ ತೋರಿಸುತ್ತಾನೆ, ಅಪ್ಪ ಹೊಟ್ಟೆ ಹಿಡಿದುಕೊಂಡು ನಗುತ್ತಾರೆ.

ನನ್ನ ಹತ್ತಿರ ಒಂದು ದಿನವಾದರೂ ಹೀಗೆ ನಕ್ಕಿದ್ದಾರಾ?

ಹೊಟ್ಟೆಕಿಚ್ಚೋ, ಸಂಕಟವೋ ಅವಳಿಗೇ ತಿಳಿಯಲಿಲ್ಲ. ಅವನು ತಲೆಯೆತ್ತಿ "ಬಂದ್ರಾ ಮೇಡಂ?" ಅಂದಾಗ ಎದೆ ಯಾಕೆ ಹಾಗೆ ಹಾರಿತು ಅನ್ನುವುದಂತೂ ತಿಳಿಯಲೇ ಇಲ್ಲ.

"ಅವರಿಗೆ ಏನು ಮೋಡಿ ಹಾಕಿದ್ದೀರಿ?" ಒಂದು ದಿನ ಕೇಳಿಯೇಬಿಟ್ಟಳು.

"ಏನಿಲ್ಲ ಮೇಡಂ. ಅವರು ಮಾತಾಡ್ತಾರೆ, ನಾನು ಬರೀತೀನಿ."

"ಅಷ್ಟಕ್ಕೇ ಇಷ್ಟು ನಗುನಾ?"

"ನನ್ನ ಕಾಗುಣಿತ ನೋಡಿ ನಗೋದು."

ಅವಳಿಗೂ ನಗು ಬಂತು. ತಕ್ಷಣ ಮುಖ ತಿರುಗಿಸಿಕೊಂಡಳು!

ಆಮೇಲೆ ಬಂತು ಆ ದಿನ.

ಮಧ್ಯಾಹ್ನ ಒಂದಕ್ಕೆ ಅಪ್ಪನಿಗೆ 'ಊಟ ಆಯ್ತಾ?' ಅಂತ ಮೆಸೇಜ್ ಹಾಕಿದಳು. ಉತ್ತರವಿಲ್ಲ. ಎರಡಕ್ಕೆ ಇನ್ನೊಂದು. ಅದಕ್ಕೂ ಇಲ್ಲ. ಸಿನಿಮಾ ನೋಡ್ತಾ ಮೈಮರೆತಿರುತ್ತಾರೆ, ನನ್ನ ಮೆಸೇಜು ಯಾರಿಗೆ ಬೇಕು... ಎಂದು ಗೊಣಗಿಕೊಂಡು ಕೆಲಸ ಮುಂದುವರಿಸಿದಳು.

ನಾಲ್ಕಕ್ಕೆ ಮನೆಗೆ ಬಂದರೆ ಅಪ್ಪ ಇಲ್ಲ! ಅಂಗಡಿಯಲ್ಲೂ ಇರಲಿಲ್ಲ. ಕೊನೆಗೆ ಮೂರು ಮಹಡಿ ಹತ್ತಿ ತಾರಸಿಯ ಬಾಗಿಲು ತೆರೆದಳು.

ನೀರಿನ ತೊಟ್ಟಿಯ ಗೇಣಗಲ ನೆರಳಲ್ಲಿ ಅಪ್ಪ ಮುದುಡಿ ಕೂತಿದ್ದರು. ಮುಖ ಕೆಂಪಾಗಿತ್ತು, ತುಟಿ ಒಡೆದಿತ್ತು. ಕೈಯಲ್ಲಿ ಫೋನು, ಅದರಲ್ಲಿ ಯಾವುದೋ ಸಿನಿಮಾ ಓಡುತ್ತಲೇ ಇತ್ತು.

"ಅಪ್ಪಾ!"

"ಬಟ್ಟೆ ಒಣಗ್ಸೋಕೆ ಬಂದೆ... ಗಾಳಿಗೆ ಬಾಗಿಲು ಬಡ್ಕೊಂಡು ಆ ಕಡೆಯಿಂದ ಲಾಕ್ ಆಯ್ತು. ಕೂಗ್ದೆ, ಯಾರೂ ಬರ್ಲಿಲ್ಲ. ನಿನ್ನ ಮೆಸೇಜು ಮೇಲೆ ಬಂತು ಪುಟ್ಟಿ, ಒತ್ತೋದ್ರೊಳಗೆ ಹೋಯ್ತು. ಸಿನಿಮಾದಿಂದ ಹೊರಗೆ ಬರೋಕೆ... ಬಟನ್ನೇ ಇರ್ಲಿಲ್ಲ."

ನೀರು ಕುಡಿಸಿ, ಡಾಕ್ಟರಿಗೆ ತೋರಿಸಿ, ಅಪ್ಪನನ್ನು ಮಲಗಿಸಿದ ಮೇಲೆ ಅವಳ ಕಾಲು ನೇರ ಅಂಗಡಿಗೆ ನಡೆದವು. ಅಲ್ಲಿ ಮೂವರು ಗಿರಾಕಿಗಳು ನಿಂತಿದ್ದರು. ನಿಂತಿರಲಿ!

"ನಿಮ್ಮ ಬುದ್ಧಿವಂತಿಕೆಯಿಂದ ಇವತ್ತು ನಮ್ಮಪ್ಪನ ಜೀವ ಹೋಗ್ತಿತ್ತು! ಮೂರು ಗಂಟೆ ಬಿಸಿಲಲ್ಲಿ! ನನಗೆ ಒಂದು ಮೆಸೇಜ್ ಹಾಕೋಕಾಗದೆ! ದಿನಾ ಕೂರಿಸ್ಕೊಂಡು ನಗಿಸೋಕೆ ಬರತ್ತೆ, ವಾಪಸ್ ಬರೋದು ಹೇಗೆ ಅಂತ ಹೇಳಿಕೊಡೋಕೆ ಬರಲ್ವಾ?"

ಅವನ ಮುಖ ಬಿಳುಚಿಕೊಂಡಿತು. ಕೈಯಲ್ಲಿದ್ದ ಬೆಸುಗೆ ಕಡ್ಡಿ ಕೆಳಗಿಟ್ಟ.

"ಈಗ ಹೇಗಿದ್ದಾರೆ?"

"ನಿಮಗ್ಯಾಕೆ? ಮೊದಲು ಆ ಬಟನ್ ಹಾಕಿಕೊಡಿ. ಇನ್ನು ಮೇಲೆ ಅವರನ್ನ ಇಲ್ಲಿ ಕೂರಿಸ್ಕೋಬೇಡಿ!"

ಅವನು ಬಟನ್ ವಾಪಸ್ ತಂದುಕೊಟ್ಟ. ಫೋನಿನ ಗಾಜು ಒರೆಸಿ ಅವಳತ್ತ ಚಾಚಿದ. ಒಂದು ಮಾತು ವಾದ ಮಾಡಬಾರದಿತ್ತಾ ಇವನು? ವಾದ ಮಾಡಿದ್ದರೆ ಸಿಟ್ಟಾದರೂ ಇಳಿಯುತ್ತಿತ್ತು...

ಆಮೇಲಿನ ದಿನಗಳು ಸೀದುಹೋದ ಹಾಲಿನಂತಿದ್ದವು. ಅಪ್ಪ ಸಿನಿಮಾ ಬಿಟ್ಟರು. ಫೋನು ಕಪಾಟು ಸೇರಿತು. ಗೋಡೆ ನೋಡಿಕೊಂಡು ಕೂರುವುದೇ ಕೆಲಸ. ಲ್ಯಾಬಿಗೆ ಹೋಗುವಾಗ ಅವಳು ಬೇಕೆಂದೇ ರಸ್ತೆಯ ಆಚೆ ಬದಿಯಲ್ಲಿ ನಡೆದಳು. ಆದರೂ ಕಣ್ಣು ಈಚೆ ಬದಿಗೇ ಹೊರಳುತ್ತಿತ್ತು. ಮೂಲೆಯ ಸ್ಟೂಲು ಖಾಲಿ ಇರುತ್ತಿತ್ತು. ಅವನು ತಲೆಯೆತ್ತುತ್ತಿರಲಿಲ್ಲ.

ಒಂಬತ್ತನೆಯ ದಿನ ಬೆಳಗ್ಗೆ ಅಪ್ಪ ತಟ್ಟೆ ಪಕ್ಕಕ್ಕೆ ತಳ್ಳಿದರು.

"ಏನಾಗಿದೆ ಅಪ್ಪಾ ನಿಮಗೆ? ಊಟ ಬೇಡ, ಮಾತು ಬೇಡ... ನಾನೊಬ್ಬಳು ಎಷ್ಟೂಂತ ಒದ್ದಾಡಲಿ!" ಅವಳು ಕೂಗಿಬಿಟ್ಟಳು. ಕೂಗುತ್ತಲೇ ಅಳು ಬಂತು.

ಅಪ್ಪನಿಗೆ ಕೂಗು ಕೇಳಿಸಲಿಲ್ಲ. ಕಣ್ಣೀರು ಕಾಣಿಸಿತು.

"ಪುಟ್ಟಿ... ಆ ಹುಡುಗನದ್ದೇನೂ ತಪ್ಪಿಲ್ಲಮ್ಮ."

ಅವಳು ಕಣ್ಣೊರೆಸಿಕೊಂಡು ನೋಡಿದಳು.

"ಅವನು ಏಳು ಸಲ ಹೇಳಿಕೊಟ್ಟಿದ್ದ. ಅಂಚಿಂದ ಒಳಕ್ಕೆ ಬೆರಳು ಸವರಿ ಅಂತ. ಅವತ್ತು ಬಾಗಿಲು ಬಡ್ಕೊಂಡ ಗಾಬರಿಗೆ ಎಲ್ಲಾ ಮರೆತೇಹೋಯ್ತು. ಕಿವಿ ಹೋಯ್ತು, ಈಗ ಮರೆವೂ ಬಂತು ಅಂದ್ರೆ ನೀನು ಎಷ್ಟು ಸಂಕಟ ಪಡ್ತೀಯೋ ಅಂತ... ತಪ್ಪನ್ನ ಬಟನ್ ಮೇಲೆ ಹಾಕಿಬಿಟ್ಟೆ. ನೀನು ಹೋಗಿ ಅವನನ್ನ ಬೈದು ಬರ್ತೀಯ ಅಂತ ನನಗೇನು ಗೊತ್ತು?"

ಎದ್ದು ಹೋಗಿ ಕಪಾಟಿನಿಂದ ಒಂದು ನೋಟ್‌ಬುಕ್ ತಂದು ಅವಳ ಮಡಿಲಲ್ಲಿಟ್ಟರು. "ತುಂಬಿಹೋಯ್ತು ಅಂತ ನನಗೇ ಕೊಟ್ಟಿದ್ದ."

ಅಪ್ಪನದು ಬರೀ ಬಾಯಿಮಾತು. ಹಾಗಾಗಿ ಪುಟಗಳಲ್ಲಿ ಇದ್ದದ್ದು ಅವನ ಉತ್ತರಗಳು ಮಾತ್ರ.

'ಅಂಚಿಂದ ಒಳಕ್ಕೆ ಸವರಿ ಯಜಮಾನ್ರೇ. ನಿದಾನ.' ಪಕ್ಕದಲ್ಲಿ ಬೆರಳಿನ ಚಿತ್ರ, ಬಾಣದ ಗುರುತು. ಮುಂದಿನ ಪುಟದಲ್ಲೂ ಅದೇ. ಅದರ ಮುಂದೆಯೂ. ಏಳು ಸಲ.

ಪುಟ ತಿರುಗಿಸಿದಳು.

'ಇಲ್ಲ ಯಜಮಾನ್ರೇ, ನಿಮ್ಮ ಮಗಳು ಕೋಪಿಷ್ಟೆ ಅಲ್ಲ. ಸುಸ್ತಾಗಿದ್ದಾರೆ ಅಷ್ಟೇ.'

ಅಕ್ಷರ ಮಂಜಾದವು. ಈ ಎರಡು ವರ್ಷದಲ್ಲಿ ಯಾರೂ ಅವಳಿಗೆ ಇದನ್ನು ಹೇಳಿರಲಿಲ್ಲ... ಅವಳೂ ತನಗೆ ತಾನು ಹೇಳಿಕೊಂಡಿರಲಿಲ್ಲ.

'ಅವರ ಊಟ ಆಗಿರತ್ತಾ? ಬರುವಾಗ ಕಣ್ಣು ಗುಳಿ ಬಿದ್ದಿತ್ತು.'

ಕೊನೆಯ ಪುಟ.

'ಹೂಂ. ಇಷ್ಟ. ಆದ್ರೆ ನೀವು ಹೇಳಬೇಡಿ. ಅವರಿಗೆ ಸಿಟ್ಟಿಲ್ಲದ ಒಂದು ದಿನ ನೋಡಿ ನಾನೇ ಹೇಳ್ತೀನಿ.'

ಅವಳು ನಗುತ್ತಿದ್ದಳೋ ಅಳುತ್ತಿದ್ದಳೋ ಅಪ್ಪನಿಗೂ ತಿಳಿಯಲಿಲ್ಲ. ಪೆನ್ನು ಎಳೆದುಕೊಂಡು ಅದೇ ಪುಟದ ಕೆಳಗೆ, ಅಪ್ಪನಿಗಾಗಿ, ಜೀವನದಲ್ಲಿ ಮೊದಲ ಸಲ ಕೈಯಾರೆ ಬರೆದಳು. 'ಇನ್ನು ಮೇಲೆ ಕೂಗಲ್ಲ ಅಪ್ಪಾ.'

ಅಪ್ಪ ಅದನ್ನು ಓದಿದರು. ಮತ್ತೊಮ್ಮೆ ಓದಿದರು. ಪಕ್ಕಕ್ಕೆ ತಳ್ಳಿದ್ದ ತಟ್ಟೆಯನ್ನು ಮೆಲ್ಲಗೆ ಹತ್ತಿರ ಎಳೆದುಕೊಂಡರು.

ಅಂಗಡಿ ಆಗಷ್ಟೇ ತೆರೆದಿತ್ತು. ಅವಳನ್ನು ಕಂಡವನೇ ಅವನು ಎದ್ದು ನಿಂತ.

"ಯಜಮಾನ್ರು ಹುಷಾರಾಗಿದ್ದಾರಾ?"

ಮತ್ತೆ ಅದೇ ಪ್ರಶ್ನೆ!

"ಏಳು ಸಲ ಹೇಳಿಕೊಟ್ಟಿದ್ರಂತೆ. ಅವತ್ತು ಯಾಕೆ ಸುಮ್ಮನಿದ್ರಿ? ಒಂದು ಮಾತು ಹೇಳಬಹುದಿತ್ತಲ್ಲ!"

"ಹೇಳಿದ್ರೆ ನೀವು ಮನೆಗೆ ಹೋಗಿ ಅವರನ್ನ ಬೈತಿದ್ರಿ. ನನ್ನನ್ನೇ ಬೈದ್ರೆ ವಾಸಿ ಅನ್ನಿಸ್ತು."

"ಮೂರು ಜನ ಗಿರಾಕಿಗಳ ಮುಂದೆ!"

"ಅದರಲ್ಲಿ ಒಬ್ಬರು ಮತ್ತೆ ಬರಲೇ ಇಲ್ಲ ಬಿಡಿ."

ಅವಳು ಕೈಯಲ್ಲಿ ಮುಖ ಮುಚ್ಚಿಕೊಂಡಳು. "ನನ್ನನ್ನ ಕ್ಷಮಿಸ್ತೀರಾ? ಮೊದಲ ದಿನ ಒಂದು ನಿಮಿಷ ನಿಲ್ಲಿ ಅಂದ್ರಿ. ನಾನೇ ನಿಲ್ಲಲಿಲ್ಲ."

"ಈಗ ನಿಲ್ತೀರಾ?"

ಅವಳು ಫೋನು ಮುಂದಿಟ್ಟಳು. ಅವನು ಪಟ್ಟಿಯನ್ನು ಮತ್ತೆ ಮರೆ ಮಾಡಿದ. ಅವಳ ತೋರುಬೆರಳನ್ನು ಹಿಡಿಯಲೋ ಬೇಡವೋ ಎಂದು ಅಳುಕಿ, ಕೊನೆಗೆ ಮೆಲ್ಲಗೆ ಹಿಡಿದು ಅಂಚಿನಿಂದ ಒಳಕ್ಕೆ ಸವರಿಸಿದ. ಸಿನಿಮಾ ಸರಿದು ಹೋಗಿ ಮುಖಪುಟ ಬಂತು.

"ಬಂತು!"

"ಬಂತು," ಅಂದ ಅವನು. ಬೆರಳು ಮಾತ್ರ ಬಿಡಲಿಲ್ಲ.

"ನೋಟ್‌ಬುಕ್ಕು ಓದಿದೆ," ಅಂದಳು ತಲೆ ತಗ್ಗಿಸಿ. "ಕೊನೇ ಪುಟಾನೂ."

ಅವನ ಕಿವಿ ಕೆಂಪಾದವು. "ಅದು... ಇವತ್ತು ಸಿಟ್ಟಿದೆಯಾ?"

"ಇದೆ. ಎಲ್ಲಾ ನನ್ನ ಮೇಲೇ. ನೀವು ಹೇಳಬಹುದು."

ರಿಪೇರಿಯವನು ತಲೆಯೆತ್ತಿ ಅವಳನ್ನೇ ನೋಡಿದ. "ನೀವಂದ್ರೆ ನನಗೆ ಇಷ್ಟ ಮೇಡಂ. ಬೈದರೂ ಇಷ್ಟ. ನೀವು ಬೈಯೋಕೂ ಈ ಕಡೆ ಬರದೇ ಇದ್ದ ಈ ಒಂಬತ್ತು ದಿನ ಮಾತ್ರ... ಅಂಗಡಿ ತೆಗೆಯೋಕೇ ಮನಸ್ಸಿರಲಿಲ್ಲ."

"ನನಗೂ ಈ ಕಡೆ ನೋಡದೆ ನಡೆಯೋಕೆ ಆಗ್ಲಿಲ್ಲ," ಅಂದಳು. ಹೇಳಿದ ಮೇಲೆ ಎದೆ ಹಗುರವಾಯಿತು. "ಭಾನುವಾರ ರಜೆ ತಾನೇ? ಮಧ್ಯಾಹ್ನ ಮನೆಗೆ ಬನ್ನಿ."

"ಬಂದು ಯಜಮಾನ್ರಿಗೆ ಏನಂತ ಬರೆದು ತೋರಿಸಲಿ?"

"ನಿಮ್ಮ ಮಗಳನ್ನ ಕೇಳೋಕೆ ಬಂದಿದ್ದೀನಿ ಅಂತ."

"ಕೊಡ್ತಾರಾ?"

"ಅವರು ಕೊಡೋ ಮಾತು ಆಮೇಲೆ. ನಾನು ಒಪ್ಪಿದ್ದೀನಲ್ಲ..."