ಮರುಗದ ಹಾರ ಹಾಕಿದ ಪೆಟ್ಟಿಗೆ

ವಿಜಯದಶಮಿಯ ಬೆಳಿಗ್ಗೆ ಪ್ರಭಾವತಿ ಬಾಗಿಲ ಮುಂದೆ ರಂಗೋಲಿ ಹಾಕುತ್ತಿದ್ದಳು. ಕೊನೆಯ ಎಸಳು ಬಾಕಿಯಿದ್ದಾಗ ವಿಶ್ವವಿದ್ಯಾಲಯದ ಇಳಿಜಾರಿನಿಂದ ಚಾಲಕನಿಲ್ಲದ ಸಾಗುಬಂಡಿಯೊಂದು ಬಂದು ಅವಳ ಬಕೆಟ್ಟಿನ ಮುಂದೆ ನಿಂತಿತು.

"ಉಪಕರಣ ಸಾಗುತ್ತಿದೆ. ದಯವಿಟ್ಟು ದಾರಿ ಬಿಡಿ."

"ಬಿಡ್ತೀನಪ್ಪಾ. ರಂಗೋಲಿ ಮಾತ್ರ ತುಳೀಬ್ಯಾಡ ಮತ್ತ," ಎಂದು ಅವಳು ಬಕೆಟ್ ಸರಿಸಿದಳು. ಬಂಡಿಯ ಮೇಲೆ ಹೊದಿಕೆ ಮುಚ್ಚಿದ ಪೆಟ್ಟಿಗೆಯೊಂದಿತ್ತು. ಹೊದಿಕೆಯ ಕೆಳಗಿನಿಂದ ಚೆಂಡುಹೂವಿನ ಹಾರದ ತುದಿ ಇಣುಕುತ್ತಿತ್ತು.

ಹೊಸ್ತಿಲಲ್ಲಿ ಕುಳಿತಿದ್ದ ಮಗಳು ಸಂಪದಾ ಮುಖವೆತ್ತಿ ಗಾಳಿಯನ್ನು ಮೂಸಿದಳು.

"ಅವ್ವಾ, ಆ ಬಂಡಿ..."

"ಸುಮ್ನಿರವ್ವಾ, ಮೊದಲ ಕಾಲು ಒಳಗ ತಗೋ. ಗಾಲಿ ಬಂತು."

ಬಂಡಿ ಒಂದು ಚುಕ್ಕಿಯನ್ನೂ ಕೆಡಿಸದೆ ರಂಗೋಲಿಯನ್ನು ಸುತ್ತಿ ಹೋಯಿತು. ಎಷ್ಟು ಮರ್ಯಾದಸ್ಥ ಯಂತ್ರ ಎಂದುಕೊಂಡು ಪ್ರಭಾವತಿ ಉಳಿದ ಎಸಳನ್ನು ಎಳೆದಳು.

ಆ ಬಂಡಿಗಳನ್ನು ನಡೆಸುವ ವ್ಯವಸ್ಥೆಗೆ 'ಹಂಚುಗಾರ' ಎಂದು ಹೆಸರು. ಒಂದು ವಿಶ್ವವಿದ್ಯಾಲಯದಲ್ಲಿ ಉಪಕರಣಗಳು ಧೂಳು ಹಿಡಿಯುತ್ತಿದ್ದರೆ ಇನ್ನೊಂದರಲ್ಲಿ ಅದೇ ಉಪಕರಣವಿಲ್ಲದೆ ಸಂಶೋಧನೆ ನಿಂತಿರುತ್ತಿತ್ತು. ಹಂಚುಗಾರ ನಾಡಿನ ಎಲ್ಲ ಪ್ರಯೋಗಾಲಯಗಳ ಉಪಕರಣಗಳನ್ನೂ ಪಟ್ಟಿ ಮಾಡಿಕೊಂಡಿತು. ಪ್ರತಿ ಉಪಕರಣಕ್ಕೂ ದಿನಕ್ಕೊಮ್ಮೆ ಅದರ ಹೊಣೆ ಹೊತ್ತವರು ಬೆರಳು ಒತ್ತಿ, ಬಳಕೆಯಲ್ಲಿದೆ ಎಂದು ತಿಳಿಸಬೇಕು. ಯಾರೂ ಒತ್ತದಿದ್ದರೆ ಅದು ಬಿಡುವಾಗಿದೆ ಎಂದು ಹಂಚುಗಾರ ತಿಳಿಯುತ್ತಿತ್ತು. ಅದರ ಯಂತ್ರತೋಳುಗಳು ಬಂದು ಉಪಕರಣವನ್ನು ಬೇಕಾದವರ ಬಳಿಗೆ ಕಳಿಸುತ್ತಿದ್ದವು. ಹೋದ ದಸರೆಯ ನಂತರ ಬಂದ ಈ ವ್ಯವಸ್ಥೆಯನ್ನು ಎಲ್ಲರೂ ಹೊಗಳಿದ್ದರು.

ಹೆಚ್ಚು ಹೊಗಳಿದವರು ಡಾ. ನೀಲಗಂಗಾ ಹೂಗಾರ. ಅವರ ಬಿಸುಪೆಟ್ಟಿಗೆ ಬಂದದ್ದೂ ಹಂಚುಗಾರನಿಂದಲೇ. ಜೀವಕೋಶಗಳನ್ನು ಮೈಯ ಬಿಸುಪಿನಲ್ಲಿಟ್ಟು ಬೆಳೆಸುವ ಪೆಟ್ಟಿಗೆ ಅದು. ಅದರೊಳಗೆ ಸಂಪದಾಳ ಕಣ್ಣು ಬೆಳೆಯುತ್ತಿತ್ತು.

ಅರಳಿಸುತ್ತಿದ್ದ ಸುಣ್ಣ ಸಿಡಿದು ಹುಡುಗಿಯ ಎರಡೂ ಕಣ್ಣಿನ ಮೇಲೆ ಬಿಳಿಪೊರೆ ಕಟ್ಟಿತ್ತು. ಬೆಳಕು, ಕತ್ತಲೆ ಬಿಟ್ಟರೆ ಬೇರೇನೂ ಅವಳಿಗೆ ಕಾಣುತ್ತಿರಲಿಲ್ಲ. ಕರಿಗುಡ್ಡೆಯ ಅಂಚಿನಲ್ಲಿ ಉಳಿದಿದ್ದ ಒಂದಿಷ್ಟು ಒಳ್ಳೆಯ ಕೋಶಗಳನ್ನು ತೆಗೆದು, ತೆಳುವಾದ ಹಾಳೆಯಾಗಿ ಬೆಳೆಸಿ, ಹಬ್ಬ ಮುಗಿದ ಮೇಲೆ ಮತ್ತೆ ಕಣ್ಣಿಗೆ ಹಚ್ಚಬೇಕಿತ್ತು. ಆಯುಧಪೂಜೆಗೆ ಡಾಕ್ಟರು ತಾಯಿ ಮಗಳನ್ನು ಪ್ರಯೋಗಾಲಯಕ್ಕೆ ಕರೆದಿದ್ದರು. ಸಂಪದಾ ಚೆಂಡುಹೂವಿನ ನಡುವೆ ಮರುಗ ಸೇರಿಸಿ, ಬೆರಳಿನಿಂದಲೇ ತಡವಿ ಕಟ್ಟಿದ ಹಾರವನ್ನು ತನ್ನ ಪೆಟ್ಟಿಗೆಗೆ ಹಾಕಿದ್ದಳು.

ರಂಗೋಲಿ ಮುಗಿಸಿ ಒಳಗೆ ಬಂದು ಒಲೆ ಹಚ್ಚುವಾಗಲೂ ಮಗಳು ಏನನ್ನೋ ಕೇಳಬೇಕೆಂದು ಬಾಯಿ ತೆರೆದಳು. ಪ್ರಭಾವತಿಗೆ ಕಡಬಿನ ಹೂರಣದ ಗಡಿಬಿಡಿ. ಹೂರಣ ಆರುವ ಹೊತ್ತಿಗೆ ಫೋನು ಬಂತು.

"ಹಬ್ಬದ ದಿನ ಕರೀಲಿಕತ್ತೀನಿ, ತಪ್ಪು ತಿಳೀಬ್ಯಾಡ್ರಿ. ಒಮ್ಮೆ ಬರ್ರಿ," ಎಂದರು ಡಾಕ್ಟರು.

ಪ್ರಯೋಗಾಲಯದಲ್ಲಿ ಬಿಸುಪೆಟ್ಟಿಗೆಯ ಜಾಗ ಖಾಲಿಯಿತ್ತು. ಪಕ್ಕದ ಮೇಜಿನ ಮೇಲೆ ಗಾಜಿನ ತಟ್ಟೆಗಳನ್ನು ಸಾಲಾಗಿ, ಮುಚ್ಚಳ ಸಮೇತ, ಬಹಳ ಜೋಪಾನವಾಗಿ ಇಡಲಾಗಿತ್ತು.

"ಒಳಗಿದ್ದದ್ದನ್ನು ಹೊರಗಿಟ್ಟು ಪೆಟ್ಟಿಗಿ ಒಯ್ದೈತ್ರಿ," ಎಂದರು ಡಾಕ್ಟರು. "ಅದರ ಪಟ್ಟಿಯೊಳಗ ಪೆಟ್ಟಿಗಿ ಅಷ್ಟ ಐತಿ. ಪೆಟ್ಟಿಗಿಯೊಳಗ ಏನೈತಿ ಅನ್ನೂದಿಲ್ಲ."

"ಒಂದು ಮಾತು ಕೇಳಬಾರದೇನ್ರಿ ಅದು?"

"ಕೇಳೇದ್ರಿ. ನಿನ್ನೆ ದಿನಾ ಪೂರ್ತಿ, ಬೆರಳು ಒತ್ತರಿ ಅಂತ ಪೆಟ್ಟಿಗಿ ಮ್ಯಾಲಿನ ದೀಪ ಮಿಣಕ್‌ ಮಿಣಕ್ ಅಂದೈತಿ. ಕುಂಕುಮ ಹಚ್ಚಿ ಪೂಜಿ ಮಾಡಿದ್ದನ್ನ ಯಾರು ಮುಟ್ಟತಾರ? ನಾನೂ ಮುಟ್ಟಲಿಲ್ಲ."

ರಜೆಯ ದಿನಗಳಲ್ಲಿಯೂ ಯಾರಾದರೊಬ್ಬರು ಬಂದು ಬೆರಳು ಒತ್ತಿ ಹೋಗುತ್ತಿದ್ದರು. ಆಯುಧಪೂಜೆಯಂದು ಎಲ್ಲರೂ ಬಂದಿದ್ದರು, ಯಾರೂ ಮುಟ್ಟಿರಲಿಲ್ಲ.

"ವಾಪಸ್ ತರಸ್ರಿ ಮತ್ತ!"

"ತರಸಬಹುದ್ರಿ. ಆದ್ರ ಕೋಶ ತಣ್ಣಗಾಗಿ ಸತ್ತು ಹೋಗ್ಯಾವ. ಬೆಳಕು ಹರಿದ ಮ್ಯಾಲೆ ತೆಗೆದಿಟ್ಟೈತಿ. ಒಂದು ತಾಸಿನೊಳಗ ಯಾರಾದ್ರೂ ಒಂದು ಮಾತು ಹೇಳಿದ್ರ, ನಾ ಓಡಿ ಬಂದು ಬ್ಯಾರೆ ಪೆಟ್ಟಿಗಿಯೊಳಗ ಇಡತಿದ್ದೆ."

"ಇನ್ನೊಮ್ಮೆ ಬೆಳಸೂಣ್ರಿ. ಎಷ್ಟು ದಿನಾ ಆದ್ರೂ ಆಗವಲ್ದ್ಯಾಕ."

ಡಾಕ್ಟರು ಸಂಪದಾಳ ಕಡೆ ನೋಡಿ ದನಿ ತಗ್ಗಿಸಿದರು. "ತಗೀಲಿಕ್ಕೆ ಕಣ್ಣಾಗ ಉಳದಿಲ್ರಿ. ಇದ್ದದ್ದು ಅಷ್ಟ."

ಅಷ್ಟರಲ್ಲಿ ಗೋಡೆಯ ಪರದೆಯ ಮೇಲೆ ಹಂಚುಗಾರ ಒಂದು ಚಿತ್ರ ತೋರಿಸಿತು. ಪಕ್ಕದೂರಿನ ಕಾಲೇಜೊಂದರ ವಿದ್ಯಾರ್ಥಿಗಳು ಬಿಸುಪೆಟ್ಟಿಗೆಯ ಸುತ್ತ ನಗುತ್ತ ನಿಂತಿದ್ದರು. ಬಹಳ ಕಾಲದಿಂದ ಅವರು ಅದಕ್ಕಾಗಿ ಕಾದಿದ್ದರಂತೆ. ಹಾರವನ್ನು ಅವರೂ ತೆಗೆದಿರಲಿಲ್ಲ. ಕೆಳಗೆ ಧನ್ಯವಾದವಿತ್ತು. ಡಾಕ್ಟರು ಎದ್ದು ಪರದೆ ಆರಿಸಿದರು. ಪ್ರಭಾವತಿ ಆ ಹಾರವನ್ನು ನೋಡಿಬಿಟ್ಟಿದ್ದಳು.

ಸಂಪದಾ ಖಾಲಿ ಜಾಗದ ಮೇಲೆ ಅಂಗೈ ಇಟ್ಟುಕೊಂಡು ನಿಂತಿದ್ದಳು. ಅಲ್ಲಿ ಉದುರಿದ್ದ ಎಲೆಯೊಂದನ್ನು ಬೆರಳಲ್ಲಿ ತಿಕ್ಕಿ ಮೂಗಿಗೆ ಹಿಡಿದಳು.

ಇಳಿಜಾರಿನಲ್ಲಿ ತಾಯಿ ಮಗಳು ಕೈ ಹಿಡಿದು ಇಳಿದರು. ಮನೆಯ ಮುಂದೆ ರಂಗೋಲಿ ಹಾಕಿದ ಹಾಗೆಯೇ ಇತ್ತು. ಪಕ್ಕದಲ್ಲಿ ಬಕೆಟ್, ಬೆಳಿಗ್ಗೆ ಸರಿಸಿಟ್ಟಲ್ಲೇ. ಪ್ರಭಾವತಿ ಮಗಳು ಎಡವದಿರಲೆಂದು ಅದನ್ನು ಎತ್ತಲು ಬಗ್ಗಿದಳು.

ಸಂಪದಾ ಅವಳ ಸೆರಗು ಹಿಡಿದಳು.

"ಅವ್ವಾ, ಮುಂಜಾನೆ ಬಂಡ್ಯಾಗಿಂದ ಮರುಗದ ವಾಸನಿ ಬಂದಿತ್ತು. ನಾ ಆವಾಗ ಜೋರಾಗಿ ಹೇಳಿದ್ರ, ನನ್ನ ಕಣ್ಣು ಉಳೀತಿದ್ವೇನು?"