ಟೈಪಿಸ್ಟ್ ಅಕ್ಕನ ಡಿಸ್ಕ್

ತೀರಿಕೊಂಡ ಟೈಪಿಸ್ಟ್ ಅಕ್ಕನ ಕಂಪ್ಯೂಟರನ್ನೇ ನಮ್ಮ ಆಫೀಸಿನವರೆಲ್ಲ ಕಡತ ಇಟ್ಟು ನೋಡುವ ಫೈಲ್ ಸರ್ವರ್ ಮಾಡಿದವನು ನಾನು. ಪುಕ್ಕಟೆ ಸಿಗುವ ಓಪನ್ ಸೋರ್ಸ್ ಸಾಫ್ಟ್‌ವೇರ್ ಹಾಕುವ ಅವಸರದಲ್ಲಿ, ಹಳೆಯ ಡಿಸ್ಕನ್ನು ತೆರೆದೂ ನೋಡದೆ ಅಳಿಸಿಬಿಟ್ಟೆ. ಮರುದಿನ ಅವರ ತಂಗಿ ಬಂದರು.

"ಅಕ್ಕ ಅದ್ರಲ್ಲಿ ಏನಾದ್ರೂ ಬರೆದಿಟ್ಟಿದ್ಳಾ?"

"ಇಲ್ಲಮ್ಮ, ಖಾಲಿ ಇತ್ತು" ಎಂದೆ, ಮುಖ ನೋಡದೆ.

ಅವರು ಹೊರಟದ್ದೇ ತಡ, ಸರ್ವರಿನ ಡಿಸ್ಕ್ ಟಕಟಕ ಎನ್ನತೊಡಗಿತು. ಥೇಟ್ ಅಕ್ಕ ಟೈಪ್ ಮಾಡುತ್ತಿದ್ದ ಲಯ. ಕೀಬೋರ್ಡ್ ಮುಟ್ಟಿದರೆ ಸ್ಪೇಸ್ ಬಾರ್ ಒಂದೇ ಬೆಚ್ಚಗಿತ್ತು. ತೆರೆಯ ಮೇಲೆ ಹೊಸದೊಂದು ಫೋಲ್ಡರ್. ಅದರ ಹೆಸರು, "ಕಾಲಿ ಇರಲಿಲ್ಲ".

ಖಾಲಿಯನ್ನು 'ಕಾಲಿ' ಎಂದು ಬರೆಯುತ್ತಿದ್ದವರು ಅಕ್ಕ ಒಬ್ಬರೇ. ಎಲ್ಲರೆದುರು ಅದನ್ನು ಆಡಿಕೊಂಡು ನಗುತ್ತಿದ್ದವನು ನಾನು.

ಯಾರಾದರೂ ನೋಡಿಯಾರೆಂದು, ಅದನ್ನೂ ತೆರೆದು ನೋಡದೆ ಅಳಿಸಿಬಿಟ್ಟೆ. ಟಕಟಕ ನಿಂತಿತು.